ಗೋಡೆಗೂ ಕಿವಿಯಿದೆ, ಸ್ಪೀಕರ್ ಕೂರಿಸುವವರಿಗೆ?

ನಮ್ಮ ಅರಿಶಿನಕುಂಟೆಯ ಕಡೆ ಮನೆ ಕಟ್ಟಿಸುವವರು ದೇವರ ಕೋಣೆ ಯಾವ ದಿಕ್ಕಿಗಿರಬೇಕೆಂದು ಮೂವರನ್ನು ಕೇಳುತ್ತಾರೆ. ಒಲೆ ಯಾವ ಮೂಲೆಗೆ ಬರಬೇಕೆಂದು ಇಬ್ಬರನ್ನು ಕೇಳುತ್ತಾರೆ. ನೀರಿನ ಸಂಪು ಈಶಾನ್ಯದಿಂದ ಒಂದಡಿ ಸರಿಯಿತೆಂದು ಕಾಂಕ್ರೀಟು ಒಡೆಸಿದವರನ್ನೂ ಕಂಡಿದ್ದೇನೆ. ಇದೇ ಜನ ಮಹಡಿಯ ಮೇಲಿನ ಪುಟ್ಟ ಕೋಣೆಯೊಂದಕ್ಕೆ ‘ಹೋಮ್ ಥಿಯೇಟರ್’ ಎಂದು ಹೆಸರಿಟ್ಟು ಲಕ್ಷಗಟ್ಟಲೆ ಸುರಿಯುವಾಗ ಮಾತ್ರ, ‘ಸರೌಂಡ್’ ಎಂದು ಕರೆಯುವ ಆ ಎರಡು ಸ್ಪೀಕರುಗಳು ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ, ಕಿವಿಯಿಂದ ಎಷ್ಟು ದೂರಕ್ಕೆ ಬರಬೇಕೆಂದು ಒಬ್ಬರನ್ನೂ ಕೇಳುವುದಿಲ್ಲ. ಎಲೆಕ್ಟ್ರಿಷಿಯನ್ ಎಲ್ಲಿ ವೈರು ಹೊರಗೆಳೆದಿದ್ದಾನೋ ಅಲ್ಲಿಯೇ ಅವುಗಳ ಸ್ಥಾನ. ಕಣ್ಣಿಗೆ ಕಾಣದ ವಾಸ್ತುವಿಗೆ ಅಷ್ಟು ಮರ್ಯಾದೆ; ಕಿವಿಗೆ ಕೇಳಿಸುವ ವಾಸ್ತುವಿಗೆ ಕವಡೆಕಾಸಿನ ಬೆಲೆಯಿಲ್ಲ.

ಸ್ಪೀಕರು ಎಲ್ಲಿ ಕೂತರೆ ಈ ನಿವೃತ್ತ ಮೇಷ್ಟರಿಗೇನು ಎಂದು ಓದುಗರು ಕೇಳಬಹುದು. ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಭೌತವಿಜ್ಞಾನ ಹೇಳಿದವನು ನಾನು. ‘ಶಬ್ದ’ ಎಂಬ ಪಾಠವನ್ನು ಎಷ್ಟು ತಂಡಗಳಿಗೆ ಮಾಡಿದೆನೋ ಲೆಕ್ಕವಿಲ್ಲ. ಆ ಪಾಠ ನನ್ನ ಮನೆಯಲ್ಲೇ ತಪ್ಪಾಗುತ್ತಿದ್ದಾಗ, ‘ಹುಡುಗರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ’ ಎಂದುಕೊಂಡು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದರ ಫಲವನ್ನು ಅನುಭವಿಸಿದವಳು ನನ್ನ ಹೆಂಡತಿ. ಅದಕ್ಕಾಗಿಯೇ ಈ ಬರಹ. ದನಿ ತುಸು ಏರಿದರೆ ಕ್ಷಮಿಸಬೇಕು.

ನಡೆದದ್ದು ಇಷ್ಟು. ನಮ್ಮದು ಮೂವತ್ತು-ನಲವತ್ತರ ನಿವೇಶನ. ಮಗ ಮೇಲೊಂದು ಮಹಡಿ ಎತ್ತಿಸಿದ. ಅಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಒಂದು ಕೋಣೆ ಉಳಿಯಿತು. ಅದರಲ್ಲಿ ದೊಡ್ಡ ಟಿ.ವಿ., ಒಂದು ರಿಸೀವರ್, ಐದು ಸ್ಪೀಕರು, ಒಂದು ಸಬ್‌ವೂಫರ್ ಬಂದು ಕೂತವು. ಅಂಗಡಿಯಿಂದ ಬಂದ ಹುಡುಗ ಒಳ್ಳೆಯವನೇ. ಬೆವರು ಸುರಿಸಿ ಕೆಲಸ ಮಾಡಿದ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತರಿಸಿ, ಎರಡು ಸರೌಂಡ್ ಸ್ಪೀಕರುಗಳನ್ನು ಹಿಂದಿನ ಎರಡು ಮೂಲೆಗಳಲ್ಲಿ, ತಾರಸಿಗೆ ಅರ್ಧ ಅಡಿ ಕೆಳಗೆ, ಗೋಡೆ ಕೊರೆದು ತೂಗುಹಾಕಿದ. ಇಷ್ಟು ಮೇಲೇಕಪ್ಪಾ ಎಂದು ಕೇಳಿದೆ. “ಅಲ್ಲಿದ್ರೆ ಕಣ್ಣಿಗೆ ಅಡ್ಡ ಬರಲ್ಲ ಸಾರ್, ಲುಕ್ ಚೆನ್ನಾಗಿರುತ್ತೆ” ಎಂದ. ಕಿವಿಯ ವಿಷಯಕ್ಕೆ ಕಣ್ಣಿನ ಉತ್ತರ. ಮೇಷ್ಟರಾಗಿದ್ದ ಕಾಲದಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂದು ಕಾಫಿ ಕೊಟ್ಟು ಕಳಿಸಿದೆ.

ಮೊದಲ ದಿನ ಹಾಕಿದ್ದು 2022ರಲ್ಲಿ ಬಂದ ‘ಕಾಂತಾರ’. ನನ್ನ ಹೆಂಡತಿಗೆ ಮಂಡಿನೋವು. ಚಿತ್ರಮಂದಿರಕ್ಕೆ ಹೋಗಿ ನೋಡಲಾಗದ ಚಿತ್ರವನ್ನು ಮನೆಯಲ್ಲೇ ನೋಡುವೆನೆಂದು ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದಿದ್ದಳು. ಕಾಲು ಗಂಟೆಯಲ್ಲಿ ಹತ್ತು ಸಲ ಕೇಳಿರಬೇಕು, “ಏನಂದ ಅವನು?” ಎಂದು. ಕರಾವಳಿಯ ಮಾತು, ನಮ್ಮ ಕಡೆಯವರಿಗೆ ಕಿವಿಗೆ ಹತ್ತುವುದು ತಡ ಎಂದು ಸಮಾಧಾನ ಹೇಳಿದೆವು. ಮರುವಾರ ಅವಳಿಗಾಗಿಯೇ 1972ರ ‘ಬಂಗಾರದ ಮನುಷ್ಯ’ ಹಾಕಿದ. ಅದರಲ್ಲಿ ಯಾವ ಕರಾವಳಿಯೂ ಇಲ್ಲ, ನಮ್ಮ ಬಯಲುಸೀಮೆಯವರು ಬಾಯಿಪಾಠ ಮಾಡಿಕೊಂಡ ಮಾತುಗಳು. ಅಲ್ಲಿಯೂ ಅವಳು ಕೇಳಿದಳು, “ಏನಂದ್ರು?” ಮೂರನೆಯ ವಾರ ಅವಳು ಮಹಡಿ ಹತ್ತಲಿಲ್ಲ. ಮಂಡಿನೋವೆಂದಳು. ಮಗ ಪಿಸುದನಿಯಲ್ಲಿ ನನ್ನೊಡನೆ, “ಅಪ್ಪಾ, ಅಮ್ಮನಿಗೆ ಕಿವಿ ಮಂದವಾಗ್ತಾ ಇದೆ, ತೋರಿಸ್ಬೇಕು” ಎಂದ. ಅದು ಅವಳ ಕಿವಿಗೆ ಬಿತ್ತು. ಮಂದವಾದ ಕಿವಿಗೆ ಅಂಥ ಮಾತು ಮಾತ್ರ ಹೇಗೋ ಬೀಳುತ್ತದೆ.

ತೋರಿಸಿದೆವು. ವಯಸ್ಸಿಗೆ ತಕ್ಕ ಕುಂದು ಇತ್ತು. ಎತ್ತರದ ಸ್ವರಗಳು ಸ್ವಲ್ಪ ಕಡಿಮೆ ಕೇಳುತ್ತವೆ ಎಂದರು. ಕಿವಿಗೆ ಸಣ್ಣದೊಂದು ಯಂತ್ರವನ್ನೂ ಹೇಳಿದರು, ಹಾಕಿಸಿದೆವು. ಆದರೂ ಒಂದು ಒಗಟು ಉಳಿಯಿತು. ಕೆಳಗಿನ ಪಡಸಾಲೆಯ ಹಳೆಯ ಟಿ.ವಿ.ಯಲ್ಲಿ ವಾರ್ತೆಯನ್ನು ಅವಳು ಯಾರನ್ನೂ ಕೇಳದೆ ತಿಳಿದುಕೊಳ್ಳುತ್ತಿದ್ದಳು. ಮೇಲಿನ ದುಬಾರಿ ಕೋಣೆಯಲ್ಲಿ ಮಾತ್ರ ಮಾತು ಕಳೆದುಹೋಗುತ್ತಿತ್ತು. ಒಂದೇ ಕಿವಿ ಕೆಳಗೆ ಕೇಳಿ ಮೇಲೆ ಕೇಳದಿದ್ದರೆ ದೋಷ ಕಿವಿಯೊಂದರದೇ ಆಗಿರಲು ಹೇಗೆ ಸಾಧ್ಯ?

ಈ ನಡುವೆ ಮಗನಿಗೂ ಅಸಮಾಧಾನ ಶುರುವಾಗಿತ್ತು. “ಹಿಂದಿನಿಂದ ಏನೂ ಬಂದ ಹಾಗಾಗ್ತಿಲ್ಲ” ಎಂದು ಅಂಗಡಿಗೆ ಫೋನು ಮಾಡಿದ. ಹುಡುಗ ಮತ್ತೆ ಬಂದು, ಮೂಲೆಯಲ್ಲಿದ್ದ ಸ್ಪೀಕರುಗಳನ್ನು ಇಳಿಸಿ, ಎರಡೂ ಪಕ್ಕದ ಗೋಡೆಗಳ ಮೇಲೆ, ಸೋಫಾದ ಎರಡು ತುದಿಗಳಿಗೆ ನೇರವಾಗಿ, ಕಿವಿಯ ಮಟ್ಟಕ್ಕೆ ಕೂರಿಸಿ ಹೋದ. ಮೇಲೆ ನಾಲ್ಕು ತೂತು, ಕೆಳಗೆ ನಾಲ್ಕು ತೂತು. ಈಗ ಸಮಸ್ಯೆ ಉಲ್ಟಾ ಆಯಿತು. ಸೋಫಾದ ತುದಿಯಲ್ಲಿ ಕೂರುವ ಹೆಂಡತಿಯ ಕಿವಿಯಿಂದ ಎರಡೇ ಅಡಿಗೆ ಒಂದು ಸ್ಪೀಕರು! ಮಳೆ ಬಂದರೆ ಅವಳ ಕಿವಿಯೊಳಗೇ ಬಂತು. ಕೈ ಅಡ್ಡ ಹಿಡಿದು ಕೂತಿದ್ದು, ಅರ್ಧಕ್ಕೇ ಎದ್ದುಹೋದಳು.

ಅಂದು ರಾತ್ರಿ ಟೇಪು, ಕೋನಮಾಪಕ, ಒಂದು ನೋಟುಪುಸ್ತಕ ಹಿಡಿದು ನಾನೇ ಆ ಕೋಣೆಗೆ ಹೋದೆ.

ಲೆಕ್ಕಕ್ಕೆ ಮುನ್ನ ಕಿವಿಯ ಮಾತು. ನನ್ನ ತರಗತಿಯಲ್ಲಿ ಪ್ರತಿವರ್ಷ ಒಂದು ಆಟ ಆಡಿಸುತ್ತಿದ್ದೆ. ಒಬ್ಬ ಹುಡುಗನನ್ನು ನಡುವೆ ಕೂರಿಸಿ ಕಣ್ಣಿಗೆ ವಸ್ತ್ರ ಕಟ್ಟುವುದು. ಇನ್ನೊಬ್ಬ ಸದ್ದಿಲ್ಲದೆ ಅವನ ಸುತ್ತ ಸುಳಿದು ಎರಡು ನಾಣ್ಯಗಳನ್ನು ತಾಕಿಸುವುದು. ಸದ್ದು ಎಡಕ್ಕೋ ಬಲಕ್ಕೋ ಆದರೆ ಹುಡುಗ ತಪ್ಪದೆ ಬೆರಳು ತೋರುತ್ತಿದ್ದ. ನೆತ್ತಿಯ ನೇರಕ್ಕೆ, ಹಣೆಯ ಮುಂದೆ, ಕತ್ತಿನ ಹಿಂದೆ ನಾಣ್ಯ ಸದ್ದು ಮಾಡಿದಾಗ ಮಾತ್ರ ತಬ್ಬಿಬ್ಬಾಗಿ ಮುಂದಿದ್ದುದನ್ನು ಹಿಂದೆ ಎನ್ನುತ್ತಿದ್ದ, ತರಗತಿ ನಗುತ್ತಿತ್ತು. ಕಾರಣ ಸರಳ. ಪಕ್ಕದಿಂದ ಬಂದ ಶಬ್ದ ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುತ್ತದೆ. ಒಂದಕ್ಕೆ ಜೋರಾಗಿ, ಇನ್ನೊಂದಕ್ಕೆ ತಲೆಯ ಮರೆಯಿಂದ ಮೆಲ್ಲಗೆ ತಲುಪುತ್ತದೆ. ಕಾಲದ ಅಂತರ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಅಳೆಯುತ್ತದೆ. ಲಾರ್ಡ್ ರ‍್ಯಾಲೆ 1907ರಲ್ಲಿಯೇ ಇದನ್ನು ವಿವರಿಸಿದ್ದ. ನೆತ್ತಿಯ ನೇರದ ಶಬ್ದಕ್ಕೆ ಎರಡು ಕಿವಿಗಳ ನಡುವೆ ಈ ಅಂತರವೇ ಇರುವುದಿಲ್ಲ.

ಹೀಗಾಗಿ ನಮ್ಮನ್ನು ಶಬ್ದ ‘ಸುತ್ತುವರಿಯಬೇಕಾದರೆ’ ಅದು ಮಗ್ಗುಲಿನಿಂದ, ತುಸು ಹಿಂದಿನಿಂದ ಬರಬೇಕು. ನಮ್ಮೂರಿನ ಹೆಸರಿನಲ್ಲೇ ಕುಂಟೆಯಿದೆ. ಹುಡುಗರಾಗಿದ್ದಾಗ ಮುಂಗಾರಿನ ಮೊದಲ ಮಳೆಯ ರಾತ್ರಿ ಜಗಲಿಯಲ್ಲಿ ಮಲಗಿದರೆ ಕಪ್ಪೆಗಳ ಗೋಷ್ಠಿ ಎಡಬಲಗಳಿಂದ ಬಂದು ಆವರಿಸಿಕೊಳ್ಳುತ್ತಿತ್ತು. ಯಾವ ಕಪ್ಪೆಯೂ ತಾರಸಿಯಿಂದ ಕೂಗಿದ ನೆನಪಿಲ್ಲ.

ಈಗ ಲೆಕ್ಕ. ಮೊದಲ ವ್ಯವಸ್ಥೆಯಲ್ಲಿ ಸ್ಪೀಕರು ಕೂತವನ ಕಿವಿಗಿಂತ ಆರಡಿ ಮೇಲೆ, ನೆಲದ ಅಳತೆಯಲ್ಲಿ ಸುಮಾರು ಐದಡಿ ದೂರದಲ್ಲಿತ್ತು. ಕೋನ ಹಾಕಿ ನೋಡಿದೆ: ಕಿವಿಯ ಮಟ್ಟದಿಂದ ಸುಮಾರು 50 ಡಿಗ್ರಿ ಮೇಲೆ. ಅದು ಸರೌಂಡ್ ಅಲ್ಲ, ಸೂರು. ತಲೆಯ ಮೇಲಿನಿಂದ ಶಬ್ದ ತರುವ ಡಾಲ್ಬಿ ಆಟ್ಮಾಸ್ ಪದ್ಧತಿ 2012ರಲ್ಲಿ ಬಂತು, ನಿಜ. ಆದರೆ ಅದರಲ್ಲಿ ತಲೆಯ ಮೇಲಿನ ಸ್ಪೀಕರುಗಳು ಪಕ್ಕದ ಸ್ಪೀಕರುಗಳ ಜೊತೆಗೆ ಬರುತ್ತವೆಯೇ ಹೊರತು ಅವುಗಳ ಬದಲಿಗಲ್ಲ. ಐದೇ ಸ್ಪೀಕರುಗಳ ಮನೆಯಲ್ಲಿ ಪಕ್ಕದವೆರಡನ್ನು ಸೂರಿಗೇರಿಸಿದರೆ, ನಾಯಕನ ಹಿಂದೆ ಬರುವ ಎತ್ತಿನಗಾಡಿ ತಾರಸಿಯ ಮೇಲೆ ಹೋದಂತಾಗುತ್ತದೆ.

ಎರಡನೆಯ ವ್ಯವಸ್ಥೆಯ ತಪ್ಪು ಬೇರೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ ಎಂಬುದು ನಾವು ಮಕ್ಕಳಿಗೆ ಹೇಳುವ ವಿಲೋಮ ವರ್ಗ ನಿಯಮ. ಸೋಫಾದ ತುದಿಯಲ್ಲಿ ಕೂತ ನನ್ನ ಹೆಂಡತಿಗೆ ಹತ್ತಿರದ ಸ್ಪೀಕರು 2 ಅಡಿ, ಎದುರು ಗೋಡೆಯದು 8 ಅಡಿ. ನಾಲ್ಕು ಪಟ್ಟು ದೂರ. 12 ಡೆಸಿಬೆಲ್ ವ್ಯತ್ಯಾಸ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಶಬ್ದ ಹೆಚ್ಚುಕಡಿಮೆ ಎರಡರಷ್ಟು ಜೋರೆನಿಸುತ್ತದೆ ಎಂಬುದನ್ನು ನೆನಪಿಡಿ. ಗೋಡೆಗಳ ಪ್ರತಿಫಲನದಿಂದ ವ್ಯತ್ಯಾಸ ಸ್ವಲ್ಪ ತಗ್ಗುತ್ತದೆ, ಒಪ್ಪಿದೆ. ಆದರೂ ಅವಳ ಪಾಲಿಗೆ ಎರಡು ಸರೌಂಡ್ ಇರಲಿಲ್ಲ, ಒಂದೇ ಇತ್ತು, ಅದೂ ಕಿವಿ ಕಚ್ಚುವಷ್ಟು ಹತ್ತಿರ. ಮಾತು ಬರುವ ಸೆಂಟರ್ ಸ್ಪೀಕರು ಮಾತ್ರ ಹತ್ತಡಿ ದೂರದ ಟಿ.ವಿ.ಯ ಕೆಳಗೆ.

ಇದರ ಮೇಲೆ ಸೋಫಾ ಗೋಡೆಗೆ ಒತ್ತಿಕೊಂಡಿದೆ. ಮುಚ್ಚಿದ ಕೋಣೆಯಲ್ಲಿ ತಗ್ಗಿನ ಸ್ವರಗಳು ಗೋಡೆಯಿಂದ ಗೋಡೆಗೆ ಬಡಿದು ಸ್ಥಿರ ತರಂಗಗಳಾಗಿ ನಿಲ್ಲುತ್ತವೆ. ಹನ್ನೆರಡಡಿಯ ಉದ್ದಕ್ಕೆ ಮೊದಲನೆಯದು ಸುಮಾರು 47 ಹರ್ಟ್ಜ್. ಹತ್ತಡಿಯ ಅಗಲಕ್ಕೆ ಸುಮಾರು 56. ನಮ್ಮ ಕೋಣೆಯ ಎತ್ತರವೂ ಹತ್ತಡಿಯಾದ್ದರಿಂದ ಆ 56 ಎರಡು ಕಡೆಯಿಂದ ಸೇರಿ ಮೊರೆಯುತ್ತದೆ. ಈ ಮೊರೆತದ ಒತ್ತಡ ಅತಿ ಹೆಚ್ಚಿರುವುದು ಗೋಡೆಯ ಬಳಿಯಲ್ಲಿ, ಅಂದರೆ ಸೋಫಾ ಇಟ್ಟಲ್ಲಿಯೇ. ತಗ್ಗಿನ ಗುಡುಗು ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ. ಮುಚ್ಚಿಹೋಗುವುದು ಯಾವುದು? ಸ, ಶ, ತ, ಪ ಮುಂತಾದ ವ್ಯಂಜನಗಳು. ಮಾತಿನ ಬಲ ಸ್ವರಗಳಲ್ಲಿರಬಹುದು, ಅರ್ಥ ಬಿಡಿಸಿಕೊಡುವುದು ವ್ಯಂಜನ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಅವನ್ನೇ.

ಇನ್ನು ‘ಬಂಗಾರದ ಮನುಷ್ಯ’ದ ಕಥೆ. ಒಂದೇ ಧ್ವನಿಪಥದ ಹಳೆಯ ಚಿತ್ರ ಅದು. ‘ಎಲ್ಲ ಸ್ಪೀಕರಿಗೂ ಹಣ ಕೊಟ್ಟಿದ್ದೇವೆ, ಎಲ್ಲವೂ ಹಾಡಲಿ’ ಎಂದು ರಿಸೀವರಿನಲ್ಲಿ ಐದೂ ಸ್ಪೀಕರುಗಳಿಗೆ ಒಂದೇ ಧ್ವನಿ ಹಂಚುವ ಗುಂಡಿ ಒತ್ತಿಟ್ಟಿದ್ದರು. ಶಬ್ದ ಒಂದಡಿ ಸಾಗಲು ಸುಮಾರು 0.9 ಮಿಲಿಸೆಕೆಂಡು ಬೇಕು. ಒಂದೇ ಶಬ್ದ ಎರಡು ಕಡೆಯಿಂದ ಬಂದರೆ, ಮೊದಲು ತಲುಪಿದ ಕಡೆಯಿಂದಲೇ ಬಂತೆಂದು ಮಿದುಳು ನಂಬುತ್ತದೆ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಪ್ರಯೋಗ ಮಾಡಿ ತೋರಿಸಿದ ಸಂಗತಿಯಿದು. ಹತ್ತಿರದಲ್ಲಿದ್ದುದು ಸರೌಂಡ್. ಹೀಗಾಗಿ ಅಣ್ಣಾವ್ರು ಎದುರಿಗೆ ನಿಂತು ತುಟಿಯಾಡಿಸಿದರೆ ದನಿ ಹಿತ್ತಲಿನಿಂದ ಬರುತ್ತಿತ್ತು. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ. ತುಟಿ ಒಂದು ಕಡೆ, ದನಿ ಒಂದು ಕಡೆಯಾದರೆ ಪಾಪ, ಅವಳು ಯಾವುದನ್ನು ಹಿಂಬಾಲಿಸಬೇಕು?

1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ಚಿತ್ರಕ್ಕೆ ಮಾತು ಬಂತು. ನಾವು ನೆಲಮಂಗಲದ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ ಚಿತ್ರಗಳಿಗೆಲ್ಲ ಪರದೆಯ ಹಿಂದೆ ಒಂದೇ ಸ್ಪೀಕರು. ಅದು ಕರಕರ ಎನ್ನುತ್ತಿತ್ತು. ಆದರೂ ಒಂದು ಮಾತು ತಪ್ಪಿಹೋಗುತ್ತಿರಲಿಲ್ಲ. ಐದು ಸ್ಪೀಕರು ಇಟ್ಟುಕೊಂಡು ಆ ಮಾತನ್ನು ಕಳೆದುಕೊಳ್ಳುವುದು ಪ್ರಗತಿಯಾದರೆ ಅಂಥ ಪ್ರಗತಿ ನನಗೆ ಬೇಡ.

ಹಾಗಾದರೆ ಸರಿಯಾದ ಸ್ಥಾನ ಯಾವುದು? ಇದು ನನ್ನ ಸ್ವಂತ ಮತವಲ್ಲ. 1992ರಲ್ಲಿ ಡಾಲ್ಬಿ ಡಿಜಿಟಲ್ ಪದ್ಧತಿ ಚಿತ್ರಮಂದಿರಕ್ಕೆ ಬಂದಾಗಿನಿಂದ ಐದು ಸ್ಪೀಕರುಗಳ ಈ ಏರ್ಪಾಡು ನಮಗೆ ಪರಿಚಿತ. ಕೂತವನ ಮೂಗಿನ ನೇರವನ್ನು ಸೊನ್ನೆ ಡಿಗ್ರಿ ಎಂದಿಟ್ಟುಕೊಂಡರೆ, ಮುಂದಿನ ಎರಡು ಸ್ಪೀಕರು ಎಡಬಲಕ್ಕೆ 22ರಿಂದ 30 ಡಿಗ್ರಿಯಲ್ಲೂ, ಸರೌಂಡ್ ಎರಡು 110ರಿಂದ 120 ಡಿಗ್ರಿಯಲ್ಲೂ ಇರಲಿ ಎನ್ನುತ್ತದೆ ಡಾಲ್ಬಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಸರೌಂಡಿಗೆ 100ರಿಂದ 120 ಡಿಗ್ರಿ ಎನ್ನುತ್ತದೆ. ಎರಡರ ಅರ್ಥವೂ ಒಂದೇ: ಮಗ್ಗುಲಿಗೆ, ತುಸು ಹಿಂದಕ್ಕೆ. ನೆತ್ತಿಗೂ ಅಲ್ಲ, ಬೆನ್ನಿಗೂ ಅಲ್ಲ.

ನಮ್ಮ ಕೋಣೆಗೆ ಇದನ್ನು ಹೀಗೆ ಹೊಂದಿಸಿದೆ. ಮೊದಲು ಸೋಫಾವನ್ನು ಮುಂದಕ್ಕೆಳೆದು, ಕೂತವರ ಕಿವಿ ಟಿ.ವಿ. ಗೋಡೆಯಿಂದ ಎಂಟಡಿಗೆ ಬರುವಂತೆ ಮಾಡಿದೆವು. ಹಿಂದೆ ನಾಲ್ಕಡಿ ಉಳಿಯಿತು. ಕೋಣೆಯ ನಟ್ಟನಡುವೆಯೂ ಕೂರಬಾರದು, ಅಲ್ಲಿ ಆ 47 ಹರ್ಟ್ಜ್ ಸ್ವರ ಬತ್ತಿಹೋಗುತ್ತದೆ, ಗೋಡೆಗೂ ಅಂಟಬಾರದು. ಸರೌಂಡ್ ಸ್ಪೀಕರುಗಳನ್ನು ಪಕ್ಕದ ಗೋಡೆಗಳ ಮೇಲೆಯೇ ಇಟ್ಟು, ಕಿವಿಗಿಂತ ಎರಡಡಿ ಹಿಂದಕ್ಕೆ, ಎರಡಡಿ ಮೇಲಕ್ಕೆ ಸರಿಸಿದೆವು. ನೆಲದಿಂದ ಐದೂವರೆ ಅಡಿ. ನಡುವೆ ಕೂತವನಿಗೆ ಕೋನ ಸುಮಾರು 112 ಡಿಗ್ರಿ, ಶಿಫಾರಸಿನೊಳಗೇ. ತುದಿಯಲ್ಲಿ ಕೂತ ಹೆಂಡತಿಗೆ ಹತ್ತಿರದ ಸ್ಪೀಕರು ಈಗ ಸುಮಾರು ಮೂರೂವರೆ ಅಡಿ, ದೂರದ್ದು ಎಂಟೂವರೆ ಅಡಿ. 12 ಡೆಸಿಬೆಲ್ ಇದ್ದ ವ್ಯತ್ಯಾಸ 8ರ ಒಳಕ್ಕಿಳಿಯಿತು. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಎರಡಡಿ ಮತ್ತು ಎರಡಡಿ. ಸ್ಪೀಕರಿನ ಮುಖವನ್ನು ನೇರ ಅವಳ ಕಿವಿಗೆ ತಿರುಗಿಸದೆ, ಅವಳ ತಲೆಯ ಮೇಲಿಂದ ಎದುರು ಗೋಡೆಯ ಕಡೆಗೆ ನೋಡುವಂತೆ ತಿರುಗಿಸಿದೆ. ಸೆಂಟರ್ ಸ್ಪೀಕರನ್ನು ಬೀರುವಿನ ಒಳಗಿನಿಂದ ಅಂಚಿಗೆ ತಂದು ಮೇಲ್ಮುಖವಾಗಿ ಓರೆಮಾಡಿದೆ. ಎಲ್ಲ ಸ್ಪೀಕರಿಗೂ ಒಂದೇ ಧ್ವನಿ ಹಂಚುವ ಗುಂಡಿಯನ್ನು ಆರಿಸಿದೆ. ಹಿಂದಿನ ಗೋಡೆಗೆ ನನ್ನ ಪುಸ್ತಕದ ಕಪಾಟು ಬಂತು, ಬರಿಯ ಟೈಲ್ಸಿನ ಮೇಲೆ ಜಮಖಾನ ಬಂತು. ಅದಕ್ಕೆ ಮುಂಚೆ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ‘ಟರ್ರ್’ ಎಂಬ ಬಾಲ ಕೇಳುತ್ತಿತ್ತು. ಈಗ ‘ಟಪ್’ ಎಂದು ನಿಲ್ಲುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ಮರುದನಿಸುವುದನ್ನು ಕೇಳಿ ಮಕ್ಕಳು ಕುಣಿಯುತ್ತಾರೆ. ಸಿನಿಮಾ ನೋಡುವ ಕೋಣೆ ಗುಮ್ಮಟವಾಗಬಾರದು.

ಇಷ್ಟು ಹೇಳಿದರೆ ಎದುರಾಡುವವರು ಇದ್ದೇ ಇರುತ್ತಾರೆ. ಅವರ ವಾದಗಳನ್ನೂ ನೋಡೋಣ.

‘ಚಿತ್ರಮಂದಿರದಲ್ಲಿ ಸ್ಪೀಕರುಗಳು ಗೋಡೆಯ ಮೇಲೆ ಎತ್ತರದಲ್ಲಿಲ್ಲವೇ?’ ಇವೆ. ಅಲ್ಲಿ ಗೋಡೆಯುದ್ದಕ್ಕೂ ಸಾಲುಸಾಲಾಗಿ ಇರುತ್ತವೆ, ಅಂಚಿನ ಆಸನದವರ ಕಿವಿ ಒಡೆಯದಿರಲೆಂದೇ ಮೇಲಿರುತ್ತವೆ. ಅರವತ್ತಡಿ ಅಗಲದ ಮಂದಿರದಲ್ಲಿ ನಡುವೆ ಕೂತವನಿಗೆ ಹದಿನೈದಡಿ ಎತ್ತರದ ಸ್ಪೀಕರೂ ಓರೆಯಾಗಿ ಪಕ್ಕದಲ್ಲೇ ಕಾಣುತ್ತದೆ. ಹತ್ತಡಿಯ ಕೋಣೆಯಲ್ಲಿ ಒಂಬತ್ತೂವರೆ ಅಡಿ ಎತ್ತರ ನೆತ್ತಿಯ ಮೇಲಾಗುತ್ತದೆ. ಆನೆಯ ಅಂಬಾರಿಯನ್ನು ಅದೇ ಅಳತೆಯಲ್ಲಿ ಮೇಕೆಯ ಮೇಲೆ ಹೊರಿಸಿದಂತೆ.

‘ರಿಸೀವರಿಗೆ ಮೈಕು ಚುಚ್ಚಿದರೆ ಅದೇ ಎಲ್ಲ ಸರಿಮಾಡುತ್ತದೆ.’ ಇದು ನನ್ನ ಮಗನ ವಾದ, ಮತ್ತು ಈ ವಾದವೇ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ಯಂತ್ರ ದೂರವನ್ನು ಅಳೆದು ಹತ್ತಿರದ ಸ್ಪೀಕರನ್ನು ತಡಮಾಡುತ್ತದೆ, ಜೋರನ್ನು ತಗ್ಗಿಸುತ್ತದೆ. ಒಳ್ಳೆಯದೇ. ಆದರೆ ಕಾಲವನ್ನೂ ಜೋರನ್ನೂ ಅದು ಪೂರ್ತಿ ಹೊಂದಿಸಬಲ್ಲದ್ದು ಒಂದು ಆಸನಕ್ಕೆ. ಆ ಆಸನ ಯಾವಾಗಲೂ ಯಂತ್ರ ಕೊಂಡವನದು. ನಡುವೆ ಐದಡಿಗೆ ಕೂತವನಿಗೆ ಸರಿಹೊಂದಿಸಿದ ಜೋರು, ಎರಡಡಿಯಲ್ಲಿ ಕೂತವಳಿಗೆ 8 ಡೆಸಿಬೆಲ್ ಹೆಚ್ಚು. ಸೂರಿನಲ್ಲಿರುವ ಸ್ಪೀಕರನ್ನು ಪಕ್ಕಕ್ಕೆ ಇಳಿಸುವ ತಂತ್ರಾಂಶವಂತೂ ಇಲ್ಲ. ಉತ್ತರಪತ್ರಿಕೆ ತಿದ್ದುವವನು ಎಷ್ಟು ಉದಾರಿಯಾದರೂ ಬರೆಯದ ಉತ್ತರಕ್ಕೆ ಅಂಕ ಕೊಡಲಾರ.

‘ಐದಕ್ಕಿಂತ ಏಳು ಒಳ್ಳೆಯದಲ್ಲವೇ?’ ಏಳು ಸ್ಪೀಕರುಗಳ ಪದ್ಧತಿಯಲ್ಲಿ ಹಿಂದಿನವೆರಡು 135ರಿಂದ 150 ಡಿಗ್ರಿಯಲ್ಲಿರಬೇಕು. ಅದಕ್ಕೆ ಬೆನ್ನ ಹಿಂದೆ ಜಾಗ ಬೇಕು. ಸೋಫಾ ಗೋಡೆಗಂಟಿದ ಕೋಣೆಯಲ್ಲಿ ಹಿಂದಿನ ಸ್ಪೀಕರನ್ನು ತಲೆಗೂ ಗೋಡೆಗೂ ನಡುವೆ ತುರುಕುವುದೇ? ಪುಟ್ಟ ಕೋಣೆಗೆ ಐದು ಸಾಕು. ಐದಕ್ಕೂ ಸ್ಥಳವಿಲ್ಲದಿದ್ದರೆ ಮುಂದಿನ ಮೂರು ಸಾಕು. ತಪ್ಪಿಟ್ಟ ಏಳಕ್ಕಿಂತ ಸರಿಯಿಟ್ಟ ಮೂರು ಮೇಲು ಎಂದು ಹೇಳುವ ಧೈರ್ಯ ಮಾರುವವರಿಗಿಲ್ಲ. ಅವರಿಗೆ ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಕೊಳ್ಳುವವರಿಗೆ ಇರಬೇಕು.

‘ಸೋಫಾ ಎಳೆಯಲು ನಮ್ಮಲ್ಲಿ ಜಾಗವೇ ಇಲ್ಲ.’ ಇದು ನಿಜವಾದ ತೊಂದರೆ. ಎಷ್ಟೋ ಮನೆಗಳಲ್ಲಿ ಬಾಗಿಲು ಅಲ್ಲೇ ಇರುತ್ತದೆ, ಮಂಚ ಅಲ್ಲೇ ಇರುತ್ತದೆ. ಅಂಥವರು ಒಂದೇ ಒಂದಡಿ ಎಳೆದರೂ ಲಾಭವಿದೆ. ಅದೂ ಆಗದಿದ್ದರೆ ಸರೌಂಡ್ ಸ್ಪೀಕರುಗಳನ್ನು ಮಗ್ಗುಲಿಗೆ ನೇರ, 90 ಡಿಗ್ರಿಯಲ್ಲಿ, ಕಿವಿಗಿಂತ ಎರಡಡಿ ಮೇಲೆ ಇಟ್ಟು, ಮುಖವನ್ನು ಕಿವಿಯಿಂದ ಆಚೆಗೆ ತಿರುಗಿಸಿ, ಜೋರು ಕಡಿಮೆಮಾಡಿಕೊಳ್ಳಲಿ. ಸ್ಪೀಕರು ಇದೆಯೆಂದು ಗೊತ್ತಾಗದೆ ಕೋಣೆ ದೊಡ್ಡದಾಯಿತೆನಿಸಿದರೆ ಅದು ಸರಿಯಾಗಿ ಕೂತಿದೆ ಎಂದರ್ಥ. ‘ಆಹಾ, ಹಿಂದಿನ ಸ್ಪೀಕರು ಕೇಳಿಸಿತು’ ಎಂದು ಕೊರಳು ತಿರುಗಿಸಿದಿರೋ, ತಪ್ಪಾಗಿದೆ.

ಇನ್ನೊಂದು ವಿಷಯ ಹೇಳದಿದ್ದರೆ ಬರಹ ಪೂರ್ತಿಯಾಗದು. ಮೂವತ್ತು-ನಲವತ್ತರ ನಿವೇಶನಗಳಲ್ಲಿ ನಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ ಒಂದು ಸೈಕಲ್ಲು ನಿಲ್ಲುವಷ್ಟು ಜಾಗವಿಲ್ಲ. ಹಿಂದಿನಿಂದ ಏನೂ ಬರುತ್ತಿಲ್ಲವೆಂದು ಮಗ ಜೋರು ಏರಿಸುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಪಕ್ಕದ ಮನೆಯವರು ಗೇಟಿನ ಬಳಿ ನಿಂತು, “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೇಜು ಅದುರುತ್ತೆ ಅಂತಾಳೆ” ಎಂದರು. ಮೂವತ್ತೆರಡು ವರ್ಷ ‘ಗಲಾಟೆ ಮಾಡಬೇಡಿ’ ಎಂದು ಗದರಿದವನಿಗೆ ಅದಕ್ಕಿಂತ ನಾಚಿಕೆ ಬೇರೆ ಬೇಕೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಹೆದ್ದಾರಿಯ ಲಾರಿಗಳ ಮೊರೆತ ನಮಗೆ ಸಾಲದೇ? ಸ್ಪೀಕರು ಸರಿಯಾದ ಜಾಗದಲ್ಲಿದ್ದರೆ ಕಡಿಮೆ ಜೋರಿನಲ್ಲೇ ಕೇಳಿಸುತ್ತದೆ. ತಪ್ಪು ಜಾಗದಲ್ಲಿಟ್ಟು ಜೋರಿನಿಂದ ಸರಿಮಾಡಲು ಹೊರಟಾಗ ದಂಡ ತೆರುವವರು ಪಕ್ಕದ ಮನೆಯವರು. ಈಗ ಸಬ್‌ವೂಫರ್ ಆ ಮೂಲೆಯಿಂದ ಹೊರಗೆ ಬಂದಿದೆ, ಅದರ ಗುಂಡಿಯೂ ಅರ್ಧಕ್ಕಿಳಿದಿದೆ.

ಸರಿಪಡಿಸಿದ ಮರುವಾರ ಹೆಂಡತಿಯನ್ನು ಬಲವಂತವಾಗಿ ಮೇಲೆ ಕರೆದುಕೊಂಡು ಹೋದೆ. ಮತ್ತೆ ‘ಬಂಗಾರದ ಮನುಷ್ಯ’. ನಾನು ಚಿತ್ರ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ಎರಡು ಸಲ ಮಾತ್ರ ನನ್ನ ಕಡೆ ತಿರುಗಿದಳು. ಒಂದು ಸಲ ಮಾತು ತಿಳಿಯದೆ, ಇನ್ನೊಂದು ಸಲ ಕಣ್ಣೊರೆಸಿಕೊಳ್ಳಲು ಸೆರಗು ಹುಡುಕುತ್ತಾ. ಮುಗಿದ ಮೇಲೆ, “ಈಗ ಅವರು ಎದುರಿಗೆ ನಿಂತು ಮಾತಾಡಿದ ಹಾಗಿತ್ತು ರೀ” ಎಂದಳು. ಅವಳ ಕಿವಿಯಲ್ಲಿ ದೋಷವಿತ್ತು, ಅದಕ್ಕೆ ಯಂತ್ರವೂ ಬೇಕಿತ್ತು. ಆದರೆ ಕೋಣೆಯ ದೋಷವನ್ನೂ ಮನೆಮಂದಿಯೆಲ್ಲ ಸೇರಿ ಅವಳ ಕಿವಿಯ ಮೇಲೆ ಹೊರಿಸಿದ್ದೆವು. ಎಷ್ಟು ಮನೆಗಳಲ್ಲಿ ಎಷ್ಟು ಅಜ್ಜ ಅಜ್ಜಿಯರು ಹೀಗೆ ಮಂಡಿನೋವೆಂದು ಸುಳ್ಳು ಹೇಳಿ ಕೆಳಗೇ ಉಳಿದಿದ್ದಾರೋ ಯಾರು ಬಲ್ಲರು.

ಆದ್ದರಿಂದ, ಮನೆಯಲ್ಲಿ ಇಂಥ ಕೋಣೆ ಮಾಡಿಸುವ ತಂದೆತಾಯಿಗಳೇ, ನನ್ನ ಹಳೆಯ ವಿದ್ಯಾರ್ಥಿಗಳೇ, ನನ್ನದು ಒಂದೇ ಬೇಡಿಕೆ. ಗೋಡೆ ಕೊರೆಯುವವನು ಬರುವ ಮುನ್ನ ಕೋಣೆಯಲ್ಲೊಂದು ಕುರ್ಚಿ ಹಾಕಿ. ಅದರ ಮೇಲೆ ಮನೆಯಲ್ಲಿ ಕಿವಿ ಅತ್ಯಂತ ಮಂದವಾಗಿರುವವರನ್ನು ಕೂರಿಸಿ. ಅವರ ಕಿವಿಯಿಂದ ಟೇಪು ಹಿಡಿಯಿರಿ, ಗೋಡೆಯಿಂದಲ್ಲ, ವೈರಿನಿಂದಲ್ಲ. ಉಳಿದದ್ದೆಲ್ಲ ಏಳನೆಯ ತರಗತಿಯ ಲೆಕ್ಕ.

ನಮ್ಮ ಕೋಣೆಯಲ್ಲಿ ಹಳೆಯ ಎಂಟು ತೂತುಗಳು ಹಾಗೆಯೇ ಇವೆ. ಪುಟ್ಟಿ ಹಚ್ಚಿಸಿ ಬಣ್ಣ ಬಳಿಸುತ್ತೇನೆಂದ ಮಗ. ಬೇಡ, ಇರಲಿ ಎಂದೆ. ಮನೆಗೆ ಬಂದವರು ಅವೇನೆಂದು ಕೇಳುತ್ತಾರೆ. ನನಗೆ ಪಾಠ ಶುರುಮಾಡಲು ಅನುಕೂಲ.